ಹಿತ್ತಲ ಬಲೆಗೆ ಸಿಕ್ಕಿದ್ದು

ಹುತ್ತೂರು
ಗುರುವಾರ, 18-7-2024

ಪ್ರೀತಿಯ ಸೊಸೆ ಚಂದನಾ,

ಹೇಗಿದ್ದೀಯಮ್ಮ? ಪೆರೇಡಿನಲ್ಲಿ ಓಡಿ ಓಡಿ ಹಿಮ್ಮಡಿ ಒಡೆದಿದೆ ಅಂದಿದ್ದೆ, ವಾಸಿಯಾಯಿತೆ? ನಿಮ್ಮ ಪೊಲೀಸ್ ತರಬೇತಿಯವರು ಭಾನುವಾರ ಬಿಟ್ಟರೆ ಫೋನ್ ಕೊಡುವುದಿಲ್ಲ. ಕೊಟ್ಟಾಗಲೂ ಪುಟ್ಟಿ ನನ್ನ ಕೈಯಿಂದ ಕಿತ್ತುಕೊಂಡು ತಾನೇ ಅಮ್ಮನ ಜೊತೆ ಮಾತಾಡುತ್ತಾಳೆ. ಅದಕ್ಕೇ ಈ ಕಾಗದ. ಮುರಳಿ ವೇಮಗಲ್ ಫ್ಯಾಕ್ಟರಿಗೆ ಹೋಗಿಬರುತ್ತಿದ್ದಾನೆ. ನಿನ್ನ ಗಂಡನಿಗೆ ಸಾರಿಗೆ ಉಪ್ಪು ಹಾಕುವುದು ಇನ್ನೂ ಬಂದಿಲ್ಲ.

ನೀನು ಕಾವಿಗೆ ಕೂರಿಸಿ ಹೋದ ಕೆಂಚಿ ಕೋಳಿ ಮರಿ ಮಾಡಿತು. ಮರಿಗಳು ಹಿತ್ತಲಿಗೆ ಇಳಿದ ದಿನವೇ ಹದ್ದು ಒಂದನ್ನು ಎತ್ತಿಕೊಂಡು ಹೋಯಿತು. ಮಾರನೆಯ ದಿನ ಮುಂಗುಸಿ ಗೂಡಿನ ಬುಡ ತೋಡಿತು. ಪಕ್ಕದ ಹೊಲದ ಸುರೇಶ್ ಬಂದು, "ಭಾರತಕ್ಕಾ, ಮೀನಿನ ತಲೆಗೆ ಒಂದಿಷ್ಟು ಔಷಧಿ ಹಚ್ಚಿ ಇಟ್ಬಿಡು, ಎಲ್ಲಾ ಸಾಫಾಗ್ತದೆ" ಅಂದ. "ಮಗು ಮಣ್ಣಾಡೋ ಜಾಗದಲ್ಲಿ ವಿಷ ಇಡು ಅಂತೀಯೇನ್ಲಾ?" ಎಂದು ಬೈದು ಕಳಿಸಿದೆ. ಬುಡಕ್ಕೆ ಕಲ್ಲುಚಪ್ಪಡಿ ಹೂಳಿಸಿ, ಟೊಮೆಟೊ ತೋಟದ ಹಳೆಯ ನೈಲಾನ್ ಬಲೆಯನ್ನು ಮೇಲೂ ಸುತ್ತಲೂ ಬಿಗಿದೆ. ಮರಿಗಳು ಮೇಯಲು ಹೊರಗೆ ಹೋಗಬಾರದೆಂದು ಬಲೆಯೊಳಗೇ ಒಂದು ಪಟ್ಟೆ ರಾಗಿ ಚೆಲ್ಲಿದೆ. ಮೊಳಕೆ ಎದ್ದದ್ದೇ ತಡ, ಅರ್ಧವನ್ನು ಕೆದರಿ ತಿಂದವು, ಹಾಳಾದವು! ಈಗ ಪೈರಿನ ಮೇಲೆ ಮುಳ್ಳುಕಡ್ಡಿ ಹಾಸಿದ್ದೇನೆ. ಸಂದಿಯಲ್ಲಿ ಮೇಲೆ ಬಂದ ಚಿಗುರಷ್ಟೇ ಅವುಗಳ ಪಾಲು. ಸಗಣಿ ತುಂಬಿದ ಮಡಕೆ ಬೋರಲು ಹಾಕಿಟ್ಟರೆ ಬೆಳಗ್ಗೆಗೆ ಗೆದ್ದಲು ಹತ್ತಿರುತ್ತದೆ. ಅದನ್ನು ಕೊಡವಿದರೆ ಮರಿಗಳು ಒಂದರ ಮೇಲೊಂದು ಬಿದ್ದು ತಿನ್ನುತ್ತವೆ.

ಸೋಮವಾರ ಮಧ್ಯಾಹ್ನ ಮುದ್ದೆ ತಿರುವುತ್ತಿದ್ದೆ. ಕೆಂಚಿ ಕೂಗಿತು. ಹದ್ದು ಕಂಡಾಗಿನ ಕೂಗಲ್ಲ ಅದು. ಗಂಟಲು ಹರಿಯುವ ಹಾಗೆ, ನಿಲ್ಲಿಸದೆ ಕೂಗಿತು. ಹಿಟ್ಟಿನ ಕೋಲು ಹಿಡಿದುಕೊಂಡೇ ಓಡಿದೆ. ಬಲೆಯ ಬುಡದಲ್ಲಿ ನಾಗರಹಾವು! ಒಂದು ಮರಿಯನ್ನು ನುಂಗಿ, ಹೊಟ್ಟೆ ಉಬ್ಬಿ, ಹೊರಗೆ ಬರಲಾರದೆ ಬಲೆಗೆ ಸಿಕ್ಕಿಕೊಂಡು ಹೆಡೆ ಎತ್ತಿತ್ತು. ಕೆಂಚಿ ರೆಕ್ಕೆ ಅಗಲಿಸಿ ಅದರ ಎದುರಿಗೇ ನಿಂತಿತ್ತು. ಮಿಕ್ಕ ಮರಿಗಳು ಮೂಲೆಯಲ್ಲಿ ಮುದ್ದೆಯಾಗಿದ್ದವು. ನನ್ನ ಕಿರುಚಾಟಕ್ಕೆ ಸುರೇಶ್ ಮಚ್ಚು ತಂದ. ಎದುರುಮನೆ ಚಿಕ್ಕಗಂಗಮ್ಮ ಅಡ್ಡ ನಿಂತು, "ಲೇ, ನಾಗಪ್ಪನ್ನ ಹೊಡೀಬೇಡ ಕಣೋ, ಹಾವು ಹಿಡಿಯೋ ಕದಿರೇಶನ್ನ ಕರೀರೋ" ಎಂದು ಕೂಗಿದಳು. ಕದಿರೇಶ್ ಬಂದು ಬಲೆಯ ಎಳೆ ಕತ್ತರಿಸಿ ಹಾವನ್ನು ಚೀಲಕ್ಕೆ ಹಾಕಿಕೊಂಡು ಹೋದನಂತೆ. ಅಷ್ಟು ಹೊತ್ತಿಗೆ ನಾನು ಅಲ್ಲಿರಲಿಲ್ಲ, ಇದೆಲ್ಲ ಚಿಕ್ಕಗಂಗಮ್ಮ ಹೇಳಿದ್ದು. ಬುಡಕ್ಕೆ ನೈಲಾನ್ ಬೇಡ, ಸಣ್ಣ ಕಣ್ಣಿನ ತಂತಿ ಜಾಲರಿ ಹಾಕಿ ಅಂದನಂತೆ. ಮುರಳಿ ನಿನ್ನೆ ರಜ ಹಾಕಿ ಅದನ್ನು ಬಿಗಿದ. ಉಳಿದ ಮರಿಗಳಿಗೆ ಪುಕ್ಕ ಮೂಡುತ್ತಿದೆ.

ಹೊಟ್ಟೆತುಂಬ ಉಣ್ಣು, ನಾಚಿಕೊಂಡು ಅರ್ಧಕ್ಕೆ ಏಳಬೇಡ. ನಿನ್ನ ಕಾಲಿಗೂ ಎದೆಗೂ ಬಲ ಬರಲಿ ಎಂದು ಹರಸುವ

ನಿನ್ನ ಅತ್ತೆ
ಭಾರತಮ್ಮ

ಮತ್ತೆ: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದೆ. ಅವತ್ತು ನಾನು ಓಡಿಹೋದಾಗ ಪುಟ್ಟಿ ಬಲೆಯ ಸಂದಿಯಲ್ಲಿ ಕೈ ಹಾಕಿ ಮರಿ ಎಳೆಯುತ್ತಿದ್ದಳು, ಹಾವಿನಿಂದ ಗೇಣು ದೂರದಲ್ಲಿ. ರಟ್ಟೆ ಹಿಡಿದು ಕಿತ್ತುಕೊಂಡೆ. ಬೆರಳಲ್ಲಿ ರಕ್ತ. "ಏನೇ ಕಚ್ತು?" ಅಂದರೆ ಅಳು ಬಿಟ್ಟು ಬೇರೆ ಮಾತಿಲ್ಲ. ಆಟೋದಲ್ಲಿ ಕೋಲಾರದ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವಳ ರೆಪ್ಪೆಯನ್ನೇ ನೋಡುತ್ತಿದ್ದೆ. ರಕ್ತ ಪರೀಕ್ಷೆ ಮಾಡಿ, ಮಾರನೆಯ ದಿನದವರೆಗೆ ಇಟ್ಟುಕೊಂಡು, ವಿಷ ಏರಿಲ್ಲ, ಇದು ಕೋಳಿ ಕುಕ್ಕಿದ ಗಾಯ ಅಂದರು. ಈಗ ನನ್ನ ತೊಡೆ ಮೇಲೆ ಕೂತು ಪೆನ್ನು ಕೊಡು ಎಂದು ಪೀಡಿಸುತ್ತಿದ್ದಾಳೆ. ಆಸ್ಪತ್ರೆಯಿಂದಲೇ ನಿಮ್ಮ ಅಧಿಕಾರಿಗಳಿಗೆ ಫೋನ್ ಮಾಡಿ ನಿನ್ನನ್ನು ಕರೆಸುತ್ತೇನೆಂದು, ಫ್ಯಾಕ್ಟರಿಯಿಂದ ಓಡಿಬಂದ ಮುರಳಿ ಹಟ ಹಿಡಿದ. ಬೇಡವೆಂದು ತಡೆದವಳು ನಾನು. ಭಾನುವಾರ ಫೋನಿನಲ್ಲಿ ನನ್ನನ್ನು ಎಷ್ಟು ಬೇಕಾದರೂ ಬೈಯಿ, ಕೇಳಿಸಿಕೊಳ್ಳುತ್ತೇನೆ. ತರಬೇತಿ ಬಿಟ್ಟು ಮಾತ್ರ ಬರಬೇಡ ಕಣೇ.