ಎಡಗಡೆಯ ಖಾಲಿ ಜಾಗ

ಸಿಂದಗಿ, ೧೯೬೧

ಇಸಾಕ,

ಇಂದು ಇಂಡಿ ಊರಿನವರ ಎದುರು ಫುಟ್‌ಬಾಲ್ ಆಡಿದೆವು. ಬಾವಿ ತೋಡುವಾಗ ಮಣ್ಣು ಕುಸಿದು ನೀನು ಹೋದ ಮೇಲೆ ಇದೇ ಮೊದಲ ಆಟ. ಎಡಗಡೆಯ ನಿನ್ನ ಜಾಗಕ್ಕೆ ಯಾರನ್ನೂ ಇಳಿಸಬಾರದೆಂದು ಹತ್ತೇ ಮಂದಿ ಆಡಿದೆವು. ಆದರೂ ನಾನು, ಹತ್ತು ವರ್ಷದ ರೂಢಿ ನೋಡು, ಕತ್ತೆತ್ತದೆ ಚೆಂಡನ್ನು ಎಡಕ್ಕೆ ಒದ್ದೆ. ಅದು ಉರುಳುತ್ತ ಗೆರೆ ದಾಟಿತು. ಯಾರೂ ನನ್ನನ್ನು ಬೈಯಲಿಲ್ಲ.

ಗೆರೆಯಾಚೆ ಕೂತಿದ್ದ ನಿನ್ನ ತಾಯಿ ಖಾತುನಬಿ ಚೆಂಡನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟರು.

“ಸೊಲ್ಲಾಪುರದ ಗಿರಣಿಯವ್ರು ಆಡಾಕ ಕರದು ನೌಕರಿ ಕೊಟ್ರೂ ನನ್ನ ಸಲುವಾಗಿ ಊರು ಬಿಡಲಿಲ್ಲ ಅಂವ. ನಾನ ಜುಲುಮಿ ಮಾಡಿ ಕಳಸಬೇಕಿತ್ತು, ಶ್ರೀಶೈಲಾ.”

ನೀನು ಸೊಲ್ಲಾಪುರಕ್ಕೆ ಹೊರಟ ದಿನ, ಹೋಗಬೇಡವೆಂದು ಹಟ ಹಿಡಿದು, ಬಸ್ಸಿನ ಮೇಲೆ ಏರಿಸಿದ್ದ ನಿನ್ನ ಟ್ರಂಕನ್ನು ಕೆಳಗಿಳಿಸಿದವನು ನಾನು.

“ಹೌದ್ರಿ ಅವ್ವಾ,” ಎಂದು ಚೆಂಡು ಹಿಡಿದುಕೊಂಡು ಬಂದೆ.