ಹಂಚಿನ ಕಾರ್ಖಾನೆಯಲ್ಲಿ ದೇಯಿ ಚಿಕ್ಕಮ್ಮ

ಮಂಗಳೂರು, ಬುಧವಾರ

ಅಕ್ಕನಿಗೆ ನೋಣಯ್ಯನ ನಮಸ್ಕಾರ.

ಕ್ಷೇಮವಾಗಿ ಮುಟ್ಟಿದ್ದೇನೆ; ಹೊಸ ಬೂಟು ಕಚ್ಚಿದ್ದು ಬಿಟ್ಟರೆ ಆರೋಗ್ಯವೇ. ಕಡಿಮೆ ಆಳಿನಲ್ಲಿ ಹೆಚ್ಚು ಕೆಲಸ ತೆಗೆಯುವುದು ಹೇಗೆಂದು ಕಾರ್ಖಾನೆಗಳಿಗೆ ಸಲಹೆ ಕೊಡುವುದೇ ನಮ್ಮ ಬೊಂಬಾಯಿ ಕಂಪೆನಿಯ ಉದ್ಯೋಗ. ನಿನ್ನೆ ಕಂಪೆನಿಯ ದೊರೆಯ ಹಿಂದೆ ಇಲ್ಲಿನ ಹಂಚಿನ ಕಾರ್ಖಾನೆಗೆ ಹೋದೆ. ಹಸಿ ಹಂಚು ಹೊರುವ ಹೆಂಗಸರ ಸಾಲಿನಲ್ಲಿ ನಮ್ಮ ದೇಯಿ ಚಿಕ್ಕಮ್ಮ ಇದ್ದಳು. ಮೊಣಕೈವರೆಗೆ ಆವೆಮಣ್ಣು ಮೆತ್ತಿತ್ತು.

"ಮಗಾ, ನೋಣಯ್ಯ ಅಲ್ವಾ?" ಎಂದು ಕರೆದಳು.

ನಿನಗೆ ಪರಿಚಯವೋ ಎಂದು ದೊರೆ ಕೇಳಿದ. ಇಲ್ಲವೆಂದು ತಲೆಯಾಡಿಸಿದೆ. ಅವಳು ಅದನ್ನು ನೋಡಿಬಿಟ್ಟಳು.

"ಆಳು ತಪ್ಪಿತು ಮಾರಾಯ್ತಿ, ಇವರು ಬೇರೆ ಯಾರೋ," ಎಂದು ಪಕ್ಕದವಳಿಗೆ ಹೇಳಿ ಮುಂದೆ ನಡೆದಳು.

ಸಂಜೆ ಗೇಟಿನ ಹೊರಗೆ ಕಾದು ನಿಂತೆ. ಬಂದವಳೇ ಕೇಳಿದಳು, "ನಾನು ಕರೆದದ್ದರಿಂದ ನಿನ್ನ ಕೆಲಸಕ್ಕೆ ತೊಂದರೆ ಎಂತ ಆಗಲಿಲ್ಲ ಅಲ್ವಾ?"

ಆ ಹೆಂಗಸರನ್ನೆಲ್ಲ ಕೆಲಸದಿಂದ ಬಿಡಿಸಿ ಹಂಚು ಸಾಗಿಸಲು ತಳ್ಳುಗಾಡಿ ಇಡಬೇಕೆಂದು ದೊರೆ ಆಗಲೇ ತೀರ್ಮಾನಿಸಿದ್ದ. ಆಗಲಿಲ್ಲ ಎಂದೆನೇ ಹೊರತು, ಅದನ್ನು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಬೇರೆ ಕೆಲಸ ನೋಡಿಕೊಳ್ಳಲು ನೀನೇ ಅವಳಿಗೆ ಹೇಳಿಕಳುಹಿಸು, ಅಕ್ಕ. ನಾನು ಬರೆದೆನೆಂದು ಮಾತ್ರ ಹೇಳಬೇಡ.

ದೊರೆ ಕರೆಯುತ್ತಿದ್ದಾನೆ.

ನಿನ್ನ ತಮ್ಮ,
ನೋಣಯ್ಯ