ಎಡದಿಂದ ಎರಡನೆಯವರು

ದೊಡ್ಡಪ್ಪನವರಿಗೆ,

ನಿಮ್ಮ ತಮ್ಮನ ಮಗಳು ಬರೆಯುತ್ತಿದ್ದೇನೆ. ಕ್ಷೇಮವೇ ಎಂದು ಕೇಳುವುದಿಲ್ಲ, ನೀವು ಕ್ಷೇಮವಾಗಿರುವುದನ್ನು ಹೋದ ವಾರ ಸಭಾಂಗಣದಲ್ಲಿ ಕಣ್ಣಾರೆ ಕಂಡೆ. ಎಂಬತ್ತಾರು ದಾಟಿದರೂ ಬೆನ್ನು ನೆಟ್ಟಗಿದೆ, ದನಿ ಗಟ್ಟಿಯಾಗಿದೆ. ಕಣ್ಣು ಮಾತ್ರ ಹೋಗಿದೆ. ಆದ್ದರಿಂದ ಈ ಪತ್ರವನ್ನು ನಿಮಗೆ ಓದಿ ಹೇಳುತ್ತಿರುವವರು ನಿಮ್ಮ ಸೊಸೆಯೇ ಇರಬೇಕು. ಅತ್ತಿಗೆ, ನಿಮ್ಮ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಒಂದೇ ಒಂದು ಕೋರಿಕೆ, ಮಧ್ಯದಲ್ಲಿ ನಿಲ್ಲಿಸಬೇಡಿ. 'ಸಾಕು, ಹರಿದುಹಾಕು' ಎಂದು ಅವರು ಹೇಳುತ್ತಾರೆ. ಆಗಲೂ ಓದಿ.

ಸ್ವಾತಂತ್ರ್ಯ ಬಂದು ಐವತ್ತು ವರ್ಷವಾಯಿತೆಂದು ಹನ್ನೆರಡು ಹೋರಾಟಗಾರರ ಅಂಚೆಚೀಟಿ ತಂದರಲ್ಲ, ಅದರಲ್ಲಿ ಹನ್ನೊಂದು ಜನ ತೀರಿಕೊಂಡವರು, ಹನ್ನೆರಡನೆಯವರು ನೀವು. ಬದುಕಿರುವವರ ಮುಖವನ್ನು ಚೀಟಿಗೆ ಹಾಕುವುದು ನಮ್ಮ ಅಂಚೆ ಇಲಾಖೆಯಲ್ಲಿ ಇಲ್ಲವೆನ್ನುವಷ್ಟು ಅಪರೂಪ. ನಿಮಗಾಗಿ ಅದನ್ನೂ ಮಾಡಿದರು. ಮಂತ್ರಿಗಳು ಚೀಟಿಯ ಹಾಳೆಯನ್ನು ನಿಮ್ಮ ಕೈಗೆ ಕೊಟ್ಟಾಗ ನೀವು ಹೆಬ್ಬೆರಳಿನಿಂದ ಅದನ್ನು ಮೆಲ್ಲಗೆ ಸವರಿ, 'ನನ್ನ ಮುಖ ನನ್ನ ಕೈಗೇ ಸಿಗ್ತಾ ಇದೆ' ಅಂದಿರಿ. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ನಾನು ಹಿಂದಿನ ಗೋಡೆಗೆ ಒರಗಿ, ಅಂಚೆಚೀಟಿ ಮುದ್ರಣಾಲಯದ ಕೆಲಸಗಾರರ ಜೊತೆ ನಿಂತಿದ್ದೆ. ಚಪ್ಪಾಳೆ ನಾನೂ ತಟ್ಟಿದೆ. ಆ ಚೀಟಿಯ ಉಕ್ಕಿನ ಅಚ್ಚನ್ನು ಕೆತ್ತಿದವಳು ನಾನೇ.

ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ಸುಮ್ಮನೆ ಮನೆಗೆ ಹೋಗುತ್ತಿದ್ದೆನೇನೋ. ಆದರೆ ಮೈಕು ಕಂಡರೆ ನಿಮಗೆ ನಿಲ್ಲಿಸಲು ಬರುವುದಿಲ್ಲ. 'ನನ್ನ ತಮ್ಮ ಏಟು ತಾಳಲಾರದೆ ನಮ್ಮವರ ಹೆಸರು ಹೇಳಿಬಿಟ್ಟ. ಪಾಪ, ಮೆತ್ತನೆ ಜೀವ. ಇವತ್ತು ನಿಮ್ಮೆಲ್ಲರ ಎದುರಿಗೆ ನಾನು ಅವನನ್ನ ಕ್ಷಮಿಸಿದೀನಿ' ಅಂದಿರಿ. ಮುಂದಿನ ಸಾಲಿನ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ನಲವತ್ತೊಂದು ವರ್ಷದ ಹಿಂದೆ ಮಣ್ಣಾದ ಮನುಷ್ಯನನ್ನು ಕ್ಷಮಿಸುತ್ತೀರಲ್ಲ, ಎಷ್ಟು ದೊಡ್ಡ ಮನಸ್ಸು ದೊಡ್ಡಪ್ಪ ನಿಮ್ಮದು!

ನಡೆದದ್ದನ್ನು ಅತ್ತಿಗೆಗಾಗಿ ಹೇಳುತ್ತೇನೆ. ನಿಮಗೆ ಗೊತ್ತೇ ಇದೆ. ನೀವು ನಾಲ್ಕು ಜನ ಸ್ನೇಹಿತರು, ಶಾಲೆಯ ಮೇಷ್ಟರು, ಒಬ್ಬ ದರ್ಜಿ, ನೀವು, ಅಪ್ಪ. ಮೇಷ್ಟರು ಕರಪತ್ರ ಬರೆಯುತ್ತಿದ್ದರು, ಅಪ್ಪ ಅದನ್ನು ಮರದ ಅಚ್ಚಿಗೆ ಕೆತ್ತುತ್ತಿದ್ದರು, ದರ್ಜಿ ಕೋಟಿನ ಅಸ್ತರಿನೊಳಗೆ ಇಟ್ಟು ಹೊಲಿದು ಊರೂರಿಗೆ ಸಾಗಿಸುತ್ತಿದ್ದರು. ನೀವು ಭಾಷಣ ಮಾಡುತ್ತಿದ್ದಿರಿ. ಅಚ್ಚುಗಳು ಇರುತ್ತಿದ್ದದ್ದು ನಮ್ಮ ಅಡುಗೆಮನೆಯ ಒಲೆಯ ಹಿಂದೆ, ಗೋಡೆಯ ಸಡಿಲ ಇಟ್ಟಿಗೆಯೊಂದರ ಒಳಗೆ. ಆ ಇಟ್ಟಿಗೆ ಅಪ್ಪನಿಗೆ ಗೊತ್ತಿತ್ತು, ನಿಮಗೆ ಗೊತ್ತಿತ್ತು. ದಿನಾ ಅದೇ ಒಲೆಯ ಮುಂದೆ ಬೇಯುತ್ತಿದ್ದ ಅಮ್ಮನಿಗೆ ಗೊತ್ತಿರಲಿಲ್ಲ.

ಪೊಲೀಸರು ನಿಮ್ಮನ್ನು ಹಿಡಿದದ್ದು ಸೋಮವಾರ. ಬುಧವಾರ ಬೆಳಿಗ್ಗೆ ಒಂದೇ ಗಂಟೆಯೊಳಗೆ ಮೂರು ಮನೆಗೆ ಪೊಲೀಸರು ಬಂದರು. ಮೇಷ್ಟರು ಹಲ್ಲುಜ್ಜುತ್ತಿದ್ದರಂತೆ, ದರ್ಜಿ ಇನ್ನೂ ಎದ್ದಿರಲಿಲ್ಲವಂತೆ. ನಮ್ಮ ಮನೆಗೆ ಬಂದವರು ಪೆಟ್ಟಿಗೆ ತೆಗೆಯಲಿಲ್ಲ, ಹಾಸಿಗೆ ಕೊಡವಲಿಲ್ಲ, ಬೂಟುಕಾಲಲ್ಲಿ ಸೀದಾ ಒಲೆಯ ಹತ್ತಿರ ಹೋಗಿ ಇಟ್ಟಿಗೆ ಎಳೆದರು. ಮೂರು ತಿಂಗಳ ಬಸುರಿ ಅಮ್ಮ ಒದ್ದೆ ಕೈಯಲ್ಲೇ ನಿಂತು ನೋಡಿದಳು. ನೀವು ಹನ್ನೊಂದನೆಯ ದಿನಕ್ಕೆ ಹೊರಗೆ ಬಂದಿರಿ. ಮೇಷ್ಟರೂ ದರ್ಜಿಯೂ ಹೊರಗೆ ಬರಲೇ ಇಲ್ಲ. ಅಪ್ಪ ಏಳು ವರ್ಷಕ್ಕೆ ಬಂದರು, ಬಲಗೈಯ ಎರಡು ಬೆರಳು ಮಡಿಸಲಾಗದ ಹಾಗಾಗಿತ್ತು.

ಆ ಏಳು ವರ್ಷದಲ್ಲಿ ನೀವು ಮನೆಮನೆಗೆ ಹೋಗಿ, ಆ ಇಬ್ಬರ ಹೆಂಡತಿಯರ ಕೈ ಹಿಡಿದು ಅತ್ತು, ತಮ್ಮ ಬಾಯಿ ಬಿಟ್ಟ ಎಂದು ನಂಬಿಸಿದ್ದಿರಿ. ಅತ್ತಿಗೆ, ಸ್ವಲ್ಪ ಯೋಚನೆ ಮಾಡಿ. ಅಪ್ಪ ಸಿಕ್ಕಿಬಿದ್ದ ಗಳಿಗೆಗೆ ಉಳಿದಿಬ್ಬರೂ ಸಿಕ್ಕಿಬಿದ್ದಾಗಿತ್ತು. ಹೇಳಲಿಕ್ಕೆ ಅವರ ಬಳಿ ಹೆಸರೇ ಉಳಿದಿರಲಿಲ್ಲ. ನಾನು ಹೇಳಿದ್ದನ್ನು ನಂಬಬೇಡಿ, ನಿಮ್ಮ ಮಾವನವರ ಸನ್ಮಾನದ ಪುಸ್ತಕ ಕಪಾಟಿನಲ್ಲಿರಬೇಕು, ತೆಗೆದು ನೋಡಿ. 'ಸೋಮವಾರ ನನ್ನನ್ನು ಬಂಧಿಸಿದರು' ಎಂದು ಅವರೇ ಹೆಮ್ಮೆಯಿಂದ ಹೇಳಿಕೊಂಡಿದ್ದಾರೆ. ಮೇಷ್ಟರ ಬುಧವಾರವೂ ಅದೇ ಪುಟದಲ್ಲಿದೆ. ಇಷ್ಟು ವರ್ಷದಿಂದ ಎಲ್ಲರೂ ಓದಿದ್ದಾರೆ, ಯಾರೂ ಆ ಎರಡು ದಿನಗಳನ್ನು ಪಕ್ಕಪಕ್ಕ ಇಟ್ಟು ನೋಡಲಿಲ್ಲ.

ನಾನು ಬೆಳೆದದ್ದು ಚಾಡಿಕೋರನ ಮಗಳಾಗಿ. ಶಾಲೆಯಲ್ಲಿ ನನ್ನ ಪಕ್ಕ ಕೂತವಳು ಅದು ಗೊತ್ತಾದ ದಿನವೇ ಪುಸ್ತಕ ಎತ್ತಿಕೊಂಡು ಬೇರೆ ಬೆಂಚಿಗೆ ಹೋದಳು. ಅಪ್ಪ ಅಂಗಡಿಗಳಿಗೆ ಮೊಹರು ಕೆತ್ತಿಕೊಟ್ಟು ಸಂಸಾರ ನಡೆಸಿದರು, ಎಡಗೈಯಲ್ಲಿ. ನನ್ನ ಕೈಗೆ ಉಳಿ ಕೊಟ್ಟು, ಅದರ ಮೇಲೆ ತಮ್ಮ ಸೆಟೆದ ಬೆರಳಿಟ್ಟು ಗೆರೆ ಎಳೆಯುವುದು ಕಲಿಸಿದರು. ಅಮ್ಮ ಎಷ್ಟೋ ಸಲ ಗೋಗರೆದಳು, ಒಂದು ಸಲವಾದರೂ ಬೀದಿಗೆ ಬಂದು ನಿಜ ಹೇಳಿ ಎಂದು. 'ಅಣ್ಣ ಅಲ್ವೇನೇ ಅವನು' ಅನ್ನುತ್ತಿದ್ದರು, ಅಷ್ಟೇ. ಆ ಮಾತು ಕೇಳಿದಾಗಲೆಲ್ಲ ನನಗೆ ನಿಮಗಿಂತ ಅವರ ಮೇಲೇ ಹೆಚ್ಚು ಕೋಪ ಬರುತ್ತಿತ್ತು. ನಾನು ಹದಿನಾರರಲ್ಲಿದ್ದಾಗ ಅವರು ತೀರಿಕೊಂಡರು. ಹೆಗಲು ಕೊಡಲು ನಾಲ್ಕು ಜನ ಸಿಗದೆ ಅಮ್ಮ ತರಕಾರಿ ಮಾರುವವನನ್ನು ಕೈಗಾಡಿ ಸಮೇತ ಕರೆತಂದಳು. ನೀವು ಬಂದಿದ್ದಿರಿ. ರಸ್ತೆಯ ಆಚೆ ಬದಿಯಲ್ಲಿ ಛತ್ರಿ ಹಿಡಿದು ನಿಂತಿದ್ದಿರಿ. ರಸ್ತೆ ದಾಟಲಿಲ್ಲ.

ಈಗ ಚೀಟಿಯ ವಿಷಯಕ್ಕೆ ಬರುತ್ತೇನೆ.

ಮುದ್ರಣಾಲಯದಲ್ಲಿ ಮುಖಗಳ ಕೆಲಸ ಬಂದರೆ ಅದು ನನ್ನ ಮೇಜಿಗೇ ಬರುತ್ತದೆ. ಮೂವತ್ತು ವರ್ಷದಿಂದ ಹಾಗೇ. ನಾನು ಯಾರ ಮಗಳೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಮೇಲ್ವಿಚಾರಕರು ನಿಮ್ಮ ಹೆಸರಿನ ಕಡತ ತಂದಿಟ್ಟು, 'ಇವರು ಬದುಕಿರೋರು, ಹುಷಾರಾಗಿ ಮಾಡಮ್ಮ, ತಪ್ಪಾದ್ರೆ ಬೈಯೋಕೆ ಜನ ಇದಾರೆ' ಎಂದು ನಕ್ಕರು. ಒಲ್ಲೆ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿದ್ದ ಫೋಟೊ ನೋಡಿದೆ.

ನಿಮ್ಮ ಮನೆಯವರು ಕಳಿಸಿದ ಹಳೆಯ ಫೋಟೊ ಅದು, ನಾಲ್ವರೂ ಒಂದು ಬೆಂಚಿನ ಮೇಲೆ ಕೂತದ್ದು. ಎಡದಿಂದ ಮೇಷ್ಟರು, ನೀವು, ಅಪ್ಪ, ದರ್ಜಿ. ಫೋಟೊದ ಬೆನ್ನಿಗೆ ಅತ್ತಿಗೆಯ ದುಂಡು ಅಕ್ಷರದಲ್ಲಿ 'ಎಡದಿಂದ ಎರಡನೆಯವರು' ಎಂದಿತ್ತು. ನೀವೇ ನೆನಪಿನಿಂದ ಹೇಳಿ ಬರೆಸಿರಬೇಕು. ಬರೆದದ್ದು ಸರಿಯಾಗಿಯೇ ಇತ್ತು. ಎಡವಟ್ಟಾದದ್ದು ನಮ್ಮಲ್ಲಿ. ಚೀಟಿ ಕಾಗದದ ಮೇಲೆ ನೆಟ್ಟಗೆ ಬರಬೇಕಾದರೆ ಅಚ್ಚಿನಲ್ಲಿ ಮುಖ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರಬೇಕು. ಆದ್ದರಿಂದ ಕೆತ್ತುವವರಿಗೆ ಯಾವ ಫೋಟೊವನ್ನಾದರೂ ಎಡಬಲ ತಿರುಗಿಸಿದ ಪ್ರತಿ ಮಾಡಿಕೊಡುತ್ತಾರೆ. ಕಚೇರಿಯ ಗುಮಾಸ್ತರು ಬೆನ್ನಿನ ಬರಹವನ್ನು ಒಂದು ತುಂಡು ಕಾಗದಕ್ಕೆ ಇಳಿಸಿ, ಆ ತಿರುಗಿಸಿದ ಪ್ರತಿಗೆ ಪಿನ್ನು ಹೊಡೆದಿದ್ದರು. ತಿರುಗಿಸಿದ ಪ್ರತಿಯಲ್ಲಿ ಎಡದಿಂದ ಮೊದಲು ದರ್ಜಿ. ಎರಡನೆಯವರು ಅಪ್ಪ.

ನನ್ನ ಮೇಜಿನಿಂದ ಗುಮಾಸ್ತರ ಮೇಜಿಗೆ ಮೂವತ್ತು ಹೆಜ್ಜೆ. ಹೋಗಿ 'ಸ್ವಾಮಿ, ತಪ್ಪಾಗಿದೆ' ಅನ್ನಬಹುದಿತ್ತು. ಹೋಗಲಿಲ್ಲ. ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು, ಭೂತಕನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು, ಕೆತ್ತಲು ಕೂತೆ.

ಹನ್ನೊಂದು ವಾರ ಕೆತ್ತಿದೆ. ನಾನು ಕಂಡ ಅಪ್ಪ ಜೈಲಿನಿಂದ ಬಂದ ಅಪ್ಪ, ಕೆನ್ನೆ ಒಳಗೆ ಹೋಗಿದ್ದ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ ಅಪ್ಪ. ಫೋಟೊದಲ್ಲಿದ್ದವರಿಗೆ ಇಪ್ಪತ್ತೆರಡು ವರ್ಷ. ಹಲ್ಲು ಕಾಣುವ ಹಾಗೆ ನಗುತ್ತಿದ್ದರು. ಆ ನಗು ನನಗೆ ಗೊತ್ತೇ ಇರಲಿಲ್ಲ ದೊಡ್ಡಪ್ಪ. ಒಂದೊಂದು ಗೆರೆ ಎಳೆದ ಹಾಗೆ ಒಂದಷ್ಟು ಹೊತ್ತು ಉಳಿ ಕೆಳಗಿಟ್ಟು ಕೂರುತ್ತಿದ್ದೆ, ಕಣ್ಣೀರು ಉಕ್ಕಿನ ಮೇಲೆ ಬಿದ್ದರೆ ತುಕ್ಕು ಹಿಡಿಯುತ್ತದೆ. ಅವರ ಹೆಗಲ ಮೇಲೆ ನಿಮ್ಮ ಕೈ ಇತ್ತು, ನಾಲ್ಕು ಬೆರಳು ಕಾಣುತ್ತಿದ್ದವು. ಅದನ್ನು ಕೆತ್ತಲಿಲ್ಲ. ಅಲ್ಲಿ ಬರಿಯ ಅಂಗಿಯ ಗೆರೆ ಎಳೆದು, ನಿಮ್ಮ ಕೈಯನ್ನು ಅಪ್ಪನ ಹೆಗಲಿನಿಂದ ತೆಗೆದುಹಾಕಿದೆ. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿಲ್ಲ.

ಮಾದರಿ ಚೀಟಿ ಒಪ್ಪಿಗೆಗೆ ನಿಮ್ಮ ಮನೆಗೇ ಬಂತು. ನಿಮಗೆ ಕಾಣುವುದಿಲ್ಲ. ಅತ್ತಿಗೆ ನಿಮ್ಮನ್ನು ನೋಡುವ ಹೊತ್ತಿಗೆ ನಿಮ್ಮ ತಲೆ ನರೆತಿತ್ತು. ನಿಮ್ಮ ಮಗ, ನನ್ನ ಅಣ್ಣ, ಬದುಕಿದ್ದರೂ ಗುರುತು ಹಿಡಿಯುತ್ತಿದ್ದನೋ ಇಲ್ಲವೋ. ಅಣ್ಣತಮ್ಮಂದಿರು ಹರೆಯದಲ್ಲಿ ಅಷ್ಟು ಹೋಲುತ್ತಿದ್ದಿರಿ. ನಿಮ್ಮ ಮುಖವನ್ನೂ ಅಪ್ಪನ ಮುಖವನ್ನೂ ಬಲ್ಲವರು ಒಬ್ಬೊಬ್ಬರಾಗಿ ಹೋಗುವವರೆಗೂ ಕಾದು ನೀವು ದೊಡ್ಡವರಾದಿರಿ. ಅದಕ್ಕೇ ಈಗ 'ಇದು ನೀನಲ್ಲ' ಎಂದು ಹೇಳುವವರು ನಿಮ್ಮ ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ನೀವು ಸಹಿ ಹಾಕಿದಿರಿ.

ನಂಬಿಕೆ ಬರುತ್ತಿಲ್ಲವೇ? ಅತ್ತಿಗೆ, ಈ ಲಕೋಟೆಯ ಮೇಲೆ ಅದೇ ಚೀಟಿಯನ್ನು ಅಂಟಿಸಿದ್ದೇನೆ. ಮಾವನವರ ಉಗುರನ್ನು ಅದರ ಎಡ ಹುಬ್ಬಿನ ಮೇಲೆ ಇಡಿ. ನಮ್ಮ ಚೀಟಿಯಲ್ಲಿ ಶಾಯಿ ಉಬ್ಬಿ ನಿಂತಿರುತ್ತದೆ. ಹುಬ್ಬಿನ ನಡುವೆ ಒಂದು ಕಡೆ ಗೆರೆ ಕಡಿದುಹೋಗಿರುವುದು ಉಗುರಿಗೆ ಸಿಗಬೇಕು. ಸಿಗಲಿ ಎಂದೇ ಕೂದಲೆಳೆಯಷ್ಟು ಅಗಲ ಮಾಡಿದ್ದೇನೆ. ಸಿಕ್ಕಿತೇ ದೊಡ್ಡಪ್ಪ? ಆ ಗಾಯ ಹೇಗಾಯಿತೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಮಗೆ ಒಂಬತ್ತು, ಅಪ್ಪನಿಗೆ ಐದು. ಸ್ಲೇಟು ಬೀಸಿ ಎಸೆದವರು ನೀವು. ರಕ್ತ ಸುರಿಯುತ್ತಿದ್ದರೂ 'ನಾನೇ ಬಿದ್ದೆ' ಎಂದು ಅಜ್ಜಿಗೆ ಹೇಳಿದವರು ಅಪ್ಪ. ವೇದಿಕೆಯ ಮೇಲೆ ನಿಮ್ಮ ಹೆಬ್ಬೆರಳು ಪ್ರೀತಿಯಿಂದ ಸವರಿದ್ದು ಅವರ ಕೆನ್ನೆಯನ್ನು.

ಚೀಟಿ ಬಿಡುಗಡೆಯಾದ ದಿನ ಒಂದನ್ನು ಅಮ್ಮನಿಗೆ ಒಯ್ದುಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. 'ಇವರನ್ನ ಎಲ್ಲಿಂದ ಕರ್ಕೊಂಡು ಬಂದ್ಯೇ?' ಎಂದು ಕೇಳಿದಳು. ಅವಳ ಮುಖ ಅರಳಿದ್ದನ್ನು ನೋಡಿ ಗೆದ್ದೆ ಅಂದುಕೊಂಡೆ. ಆಮೇಲೆ, 'ಕೆಳಗೆ ಏನೋ ಬರೆದಿದೆಯಲ್ಲ, ಓದು' ಅಂದಳು. ನಿಮ್ಮ ಹೆಸರು ಓದಿದೆ. ಅಮ್ಮ ಹೊಲಿಗೆ ಡಬ್ಬಿಯಿಂದ ಕತ್ತರಿ ತೆಗೆದು, ಹೆಸರಿದ್ದ ಅಂಚನ್ನು ಕತ್ತರಿಸಿ ನನ್ನ ಅಂಗೈಗೆ ಹಾಕಿದಳು. ಮುಖವನ್ನು ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡಳು. 'ಒಬ್ಬಳ ಮನೇಲಿ ಕತ್ತರಿಸಬಹುದು. ಊರೆಲ್ಲ ಹೋಗಿರೋದನ್ನ ಏನ್ ಮಾಡ್ತೀಯ?' ಅಂದಳು.

ಆ ಮಾತು ನನ್ನನ್ನು ಒಂದು ವಾರ ಸುಟ್ಟಿತು. ಬದುಕಿದ್ದಾಗ ಅಪ್ಪನ ಹೆಸರು ಕಸಿದುಕೊಂಡವರು ನೀವು. ಸೇಡಿನ ಭರದಲ್ಲಿ ಅವರ ಮುಖವನ್ನೂ ನಿಮ್ಮ ಹೆಸರಿಗೆ ಬರೆದುಕೊಟ್ಟವಳು ನಾನು. ಅದನ್ನು ಬಿಡಿಸಿಕೊಳ್ಳಲೆಂದೇ ಈ ಪತ್ರ.

ನಿಮ್ಮ ಮುಂದೆ ಎರಡು ದಾರಿ ಇವೆ. ಸುಮ್ಮನಿರಬಹುದು. ಆಗ ನಿಮ್ಮ ಹೆಸರಿನ ಮೇಲೆ ಲೋಕ ಕೊನೆಯವರೆಗೂ ಅಪ್ಪನ ಮುಖವನ್ನೇ ನೋಡುತ್ತದೆ. ನೀವು ಹೇಗಿದ್ದಿರೆಂದು ಯಾರಿಗೂ ಗೊತ್ತಾಗುವುದಿಲ್ಲ. ಸಭೆಯಲ್ಲಿ ನಿಮಗೆ ಕೊಟ್ಟ ಚೀಟಿಯ ದೊಡ್ಡ ಚಿತ್ರವನ್ನು ಗೋಡೆಗೆ ಹಾಕಿಸಿರುತ್ತೀರಿ, ಅದರ ಕೆಳಗೆ ದಿನಾ ಊಟಕ್ಕೆ ಕೂರುತ್ತೀರಿ, ಮೇಲೆ ತಮ್ಮ ನಗುತ್ತಿರುತ್ತಾನೆ, ನಿಮ್ಮ ಕೈ ಅವನ ಹೆಗಲ ಮೇಲೆ ಇರುವುದಿಲ್ಲ. ಮತ್ತು ಬಡಿಸುವ ಅತ್ತಿಗೆಗೆ ಎಲ್ಲವೂ ಗೊತ್ತಿರುತ್ತದೆ. ಇಲ್ಲವಾದರೆ ಇಲಾಖೆಗೆ ಹೇಳಿ ಕಳಿಸಿ, 'ಈ ಮುಖ ನನ್ನದಲ್ಲ' ಎಂದು. ಹಾಗಾದರೆ ಯಾರದು ಎಂದು ಅವರು ಕೇಳುತ್ತಾರೆ. ತಮ್ಮನದು ಅನ್ನಬೇಕಾಗುತ್ತದೆ. ಚಾಡಿಕೋರನ ಮುಖ ಹೇಗೆ ಬಂತು, ಕೆತ್ತಿದವರು ಯಾರು ಎಂದು ಕೇಳುತ್ತಾರೆ. ಆಗ ನನ್ನನ್ನು ಕರೆಸುತ್ತಾರೆ. ನನ್ನ ಕೆಲಸ ಹೋಗಲಿ, ನಾನು ಬರುತ್ತೇನೆ. ಕೈಯಲ್ಲಿ ನಿಮ್ಮ ಸನ್ಮಾನದ ಪುಸ್ತಕ ಹಿಡಿದು, ಸೋಮವಾರ ಬುಧವಾರದ ಪುಟ ತೆರೆದುಕೊಂಡೇ ಬರುತ್ತೇನೆ.

ಒಂದು ಸಲ ಬಾಯಿ ಬಿಟ್ಟು ನಮ್ಮ ಮನೆಯಿಂದ ಅಪ್ಪನನ್ನು ಒಯ್ದಿರಿ. ಇನ್ನೊಂದು ಸಲ ಬಾಯಿ ಬಿಟ್ಟು ಅವರನ್ನು ವಾಪಸು ಕೊಡಿ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಅದನ್ನು ಮಾಡುವುದಿದ್ದರೆ ಅಪ್ಪ ಮಾಡಬೇಕು, ಅವರು ಈಗ ನಿಮ್ಮ ಗೋಡೆಯ ಮೇಲಿದ್ದಾರೆ, ಕೇಳಿಕೊಳ್ಳಿ. ನೂರು ತುಂಬುವವರೆಗೂ ಬಾಳಿ ದೊಡ್ಡಪ್ಪ. ಕಿವಿ ಕೊನೆಯವರೆಗೂ ಚುರುಕಾಗಿರಲಿ, ಓದಿ ಹೇಳುವವರ ದನಿ ಗಟ್ಟಿಯಾಗಿರಲಿ.

ಇಂತಿ,
ಎಡದಿಂದ ಮೂರನೆಯವರ ಮಗಳು